ಮಾತು ನಿಲ್ಲದಷ್ಟು ನಿಧಾನ

ಮ್ಯಾರಥಾನ್ ತರಬೇತಿಯಲ್ಲಿ ನಾನು ಕಲಿತ ಅತಿ ಕಷ್ಟದ ಪಾಠ ನಿಧಾನವಾಗಿ ಓಡುವುದು. ದಮ್ಮು ಕಟ್ಟಿದರೇ ಓಟ ಎಂದು ಶಾಲೆಯ ಮೈದಾನ ನಮಗೆಲ್ಲ ಕಲಿಸಿತ್ತು. ನೂರು ಮೀಟರ್, ಇನ್ನೂರು ಮೀಟರ್. ಗೆದ್ದವರಿಗೆ ಸ್ಟೀಲ್ ಲೋಟ, ಉಳಿದವರು ಪಕ್ಕೆ ಹಿಡಿದುಕೊಂಡು ಕೂರುವುದು. ಹುಡುಗಿಯರಿಗೆ ಆ ಪಾಠವೂ ಹೈಸ್ಕೂಲಿನೊಂದಿಗೆ ಮುಗಿಯುತ್ತಿತ್ತು. ಬ್ಯಾಂಕಿನ ಕೌಂಟರಿನ ಹಿಂದೆ ಅರ್ಧ ಆಯಸ್ಸು ಕಳೆದು, ನಲವತ್ತು ದಾಟಿದ ಮೇಲೆ ಕಬ್ಬನ್ ಪಾರ್ಕಿನ ಓಟದ ಗುಂಪೊಂದಕ್ಕೆ ಸೇರಿದಾಗ ಓಟವೆಂದರೆ ನನಗೆ ಗೊತ್ತಿದ್ದದ್ದು ಅಷ್ಟೇ.

ಅದು ಸಂಘವೂ ಅಲ್ಲ, ಸಂಸ್ಥೆಯೂ ಅಲ್ಲ. ಹಿಂದೆ ಮ್ಯಾರಥಾನ್ ಓಡಿದವರು ಹೊಸಬರಿಗೆ ಹೇಳಿಕೊಡುವ ಒಂದು ಏರ್ಪಾಡು. ಭಾನುವಾರ ಬೆಳಿಗ್ಗೆ ಐದೂವರೆಗೆ ಬ್ಯಾಂಡ್‌ಸ್ಟ್ಯಾಂಡ್ ಹತ್ತಿರ ಸೇರಬೇಕು. ಶುಲ್ಕವಿಲ್ಲ. ಒಂದು ಉದ್ದನೆಯ ರಿಜಿಸ್ಟರ್ ಪುಸ್ತಕದಲ್ಲಿ ಹೆಸರು, ವಯಸ್ಸು, ಬಿಪಿ, ಶುಗರ್, ಹಿಂದೆ ಆದ ಆಪರೇಷನ್, ಮನೆಯವರ ಫೋನ್ ನಂಬರ್ ಬರೆಯಬೇಕು. ನಲವತ್ತು ದಾಟಿದವರು ವೈದ್ಯರನ್ನು ಕಂಡು ಬಂದ ಮೇಲೆಯೇ ಓಟ. ಅಲ್ಲಿಯವರೆಗೆ ನಡಿಗೆ ಮಾತ್ರ. ಈ ಒಂದು ನಿಯಮವನ್ನು ಯಾರಿಗೂ ಸಡಿಲ ಮಾಡುತ್ತಿರಲಿಲ್ಲ. ಎಷ್ಟೋ ದೊಡ್ಡ ಜಿಮ್ಮುಗಳು ಕೇಳದ ಪ್ರಶ್ನೆಗಳನ್ನು ಮರದ ಕೆಳಗೆ ನಿಂತ ಈ ಗುಂಪು ಕೇಳುತ್ತಿತ್ತು ಎನ್ನುವುದು ನನಗೆ ಇವತ್ತಿಗೂ ಗೌರವದ ವಿಷಯ.

ನಮಗೆ ಹೇಳಿಕೊಡುತ್ತಿದ್ದವರು ಧಾರವಾಡದ ಕಡೆಯವರು, ರೈಲ್ವೆಯಲ್ಲಿದ್ದು ನಿವೃತ್ತರಾದವರು. ಎಲ್ಲರಿಗೂ ಅವರು ‘ಸರ್’. ಮೊದಲ ದಿನ ಮೈ ಬಿಸಿ ಮಾಡಿಸಿ, ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ ಎಂದು ಲೆಕ್ಕ ಹೇಳಿ, ಇಬ್ಬಿಬ್ಬರನ್ನು ಜೋಡಿ ಮಾಡಿದರು. “ಮಾತಾಡ್ಕೋತ ಓಡ್ರಿ. ಮಾತು ತುಂಡಾದ್ರ ಓಟ ಜೋರಾತು ಅಂತ ತಿಳ್ಕೋರಿ” ಎಂದರು. ಗಡಿಯಾರ ನೋಡುವಂತಿಲ್ಲ, ಮುಂದಿನವರನ್ನು ಹಿಂದೆ ಹಾಕುವಂತಿಲ್ಲ. ಉದ್ದನೆಯ ವಾಕ್ಯವೊಂದನ್ನು ಉಸಿರು ಕಡಿಯದೆ ಮುಗಿಸುವುದಕ್ಕೆ ಆಗಬೇಕು. ಆಗದಿದ್ದರೆ ಇನ್ನೂ ನಿಧಾನ, ಅದಕ್ಕೂ ಆಗದಿದ್ದರೆ ನಡಿಗೆ.

ಕೇಳಲು ಸುಲಭ. ಮಾಡಲು ಮೈಯೂ ಒಪ್ಪುವುದಿಲ್ಲ, ಮನಸ್ಸೂ ಒಪ್ಪುವುದಿಲ್ಲ. ಪಕ್ಕದಲ್ಲಿ ಯಾರಾದರೂ ಸರ್ರನೆ ಹೋದರೆ ಕಾಲು ತಾನಾಗಿ ಅವರ ಹಿಂದೆ ಹೊರಡುತ್ತದೆ. ಗುಂಪಿಲ್ಲದೆ ಒಬ್ಬಳೇ ಕಲಿಯಲು ಹೊರಟಿದ್ದರೆ ಈ ನಿಧಾನ ನನಗೆ ದಕ್ಕುತ್ತಿರಲಿಲ್ಲ. ಜೊತೆಗಿರುವವರ ಮಾತಿಗೆ ಉತ್ತರ ಕೊಡಬೇಕಾದ ಸೌಜನ್ಯವೇ ನಮ್ಮ ವೇಗವನ್ನು ಹಿಡಿದಿಡುತ್ತಿತ್ತು.

ಈ ಪಾಠದ ಹಿಂದೆ ಒಂದು ಚರಿತ್ರೆಯಿದೆ, ಅದನ್ನು ಹೇಳಿದವರೂ ಸರ್. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬ ತರಬೇತುದಾರ ಇದ್ದರು. ಹೊಟ್ಟೆಪಾಡಿಗೆ ಬೂಟು ಕಾರ್ಖಾನೆಯಲ್ಲಿ ದುಡಿದವರು. ತಮ್ಮ ಹುಡುಗರನ್ನು ವಾರಕ್ಕೆ ನೂರು ಮೈಲಿ ಓಡಿಸುತ್ತಿದ್ದರು, ಅದರಲ್ಲಿ ಹೆಚ್ಚಿನದು ಹಿತವಾದ ವೇಗದ ಓಟ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಆ ಹುಡುಗರಲ್ಲಿ ಪೀಟರ್ ಸ್ನೆಲ್ 800 ಮೀಟರಿನಲ್ಲಿ, ಮರ್ರೇ ಹಾಲ್ಬರ್ಗ್ 5,000 ಮೀಟರಿನಲ್ಲಿ ಒಂದೇ ದಿನ ಚಿನ್ನ ಗೆದ್ದರು. ಆದರೆ ಸರ್‌ಗೆ ಪದಕಗಳಿಗಿಂತ ಮುಖ್ಯವಾಗಿದ್ದದ್ದು ಅದರ ನಂತರದ ಕತೆ. 1962ರಲ್ಲಿ ಆಕ್ಲೆಂಡ್‌ನಲ್ಲೇ ಸಾಮಾನ್ಯ ಜನರ ಓಟದ ಕ್ಲಬ್ಬು ಶುರುವಾಯಿತು. ಹೃದಯಾಘಾತವಾದವರು ಮಂಚ ಬಿಟ್ಟು ಏಳಬಾರದು ಎಂದು ನಂಬಿದ್ದ ಕಾಲದಲ್ಲಿ ಲಿಡಿಯಾರ್ಡ್ ಅಂಥವರನ್ನೂ ಮೆಲ್ಲಗೆ ಓಡಿಸಿದರು. ಅಮೆರಿಕದ ತರಬೇತುದಾರ ಬಿಲ್ ಬೋವರ್‌ಮನ್ ಆಗ ಅಲ್ಲಿಗೆ ಹೋಗಿ, ತಮಗಿಂತ ಬಹಳ ಹಿರಿಯರು ತಮ್ಮನ್ನು ಹಿಂದೆ ಬಿಟ್ಟು ಸಲೀಸಾಗಿ ಓಡುವುದನ್ನು ಕಂಡು, ಆ ಪದ್ಧತಿಯನ್ನು ತಮ್ಮ ಊರಿಗೆ ಒಯ್ದರು. ಜಗತ್ತಿಗೆ ಜಾಗಿಂಗ್ ಹಬ್ಬಿದ್ದರಲ್ಲಿ ಆ ಪ್ರವಾಸದ ಪಾಲು ದೊಡ್ಡದು. ಮುಂದೆ 1970ರ ದಶಕದಲ್ಲಿ ಹವಾಯಿಯ ಹೊನೊಲುಲುವಿನಲ್ಲಿ ಜಾಕ್ ಸ್ಕಾಫ್ ಎಂಬ ಹೃದ್ರೋಗ ತಜ್ಞರು ಕಪಿಯೊಲಾನಿ ಪಾರ್ಕಿನಲ್ಲಿ ಭಾನುವಾರದ ಮ್ಯಾರಥಾನ್ ಕ್ಲಿನಿಕ್ ತೆರೆದರು. ಎಂದೂ ಓಡದವರನ್ನು ಮಾತಾಡುವ ವೇಗದಲ್ಲಿ ಮ್ಯಾರಥಾನಿಗೆ ತಯಾರು ಮಾಡುವುದು ಅಲ್ಲಿನ ಕ್ರಮ. ಪಾರ್ಕು, ಭಾನುವಾರ, ಕಲಿತವರಿಂದ ಕಲಿಯದವರಿಗೆ ಪಾಠ. ನಾವು ನಿಂತಿದ್ದದ್ದು ಆ ಸಾಲಿನಲ್ಲೇ.

ಅವಸರ ಏಕೆ ಬೇಡ ಎಂಬುದಕ್ಕೆ ದೇಹದೊಳಗೇ ಕಾರಣವಿದೆ. ಉಸಿರು ಬೇಗ ಪಳಗುತ್ತದೆ. ಕೆಲವೇ ವಾರಗಳಲ್ಲಿ ಏದುಸಿರು ಕಡಿಮೆಯಾಗಿ ಹುರುಪು ಬರುತ್ತದೆ. ಮೂಳೆ ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗಲು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬೇಕು. ಹೊಸಬರು ಪೆಟ್ಟು ತಿನ್ನುವುದು ಈ ಅಂತರದಲ್ಲಿ. ಮೊಣಕಾಲಿನ ಕೆಳಗೆ ಮುಂಗಾಲ ಮೂಳೆ ನೋಯಲು ಶುರುವಾದ ಹುಡುಗನೊಬ್ಬ ಅದನ್ನು ಮುಚ್ಚಿಟ್ಟು ಓಡುತ್ತಿದ್ದಾಗ ಸರ್ ಅವನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, “ನೋಯಾಕತ್ತದೋ, ದಣದೀಯೋ? ಎರಡೂ ಬ್ಯಾರೆ ಬ್ಯಾರೆ. ದಣಿವು ಮಲಗಿ ಎದ್ರ ಹೋಗ್ತದ” ಎಂದು ವೈದ್ಯರ ಬಳಿ ಕಳಿಸಿದರು. ದಣಿವನ್ನೂ ನೋವನ್ನೂ ಬೇರೆ ಬೇರೆ ಮಾಡಿ ನೋಡುವ ಈ ಕಣ್ಣು ನನಗೆ ಓಟದ ಹೊರಗೂ ಬೇಕಾಗಿತ್ತು. ಹೆಂಗಸರು ಎರಡನ್ನೂ ಒಂದೇ ಗಂಟು ಕಟ್ಟಿ ಅಡುಗೆಮನೆಗೆ ನಡೆಯುವುದನ್ನೇ ನಾನು ಕಂಡು ಬೆಳೆದವಳು.

ನಮ್ಮ ಗುಂಪಿನಲ್ಲಿ ಹೆಂಗಸರಿಗೆ ಮತ್ತೊಂದು ಸೂಚನೆ ಇತ್ತು: ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಂಡು ಬರುವುದು. ಇದನ್ನು ಒತ್ತಾಯಿಸಿದವರು ಗುಂಪಿನಲ್ಲೇ ಓಡುತ್ತಿದ್ದ ಒಬ್ಬ ವೈದ್ಯೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ರಕ್ತದಲ್ಲಿ ಕಬ್ಬಿಣ ಇಲ್ಲದೆ ಸ್ನಾಯುಗಳಿಗೆ ಆಮ್ಲಜನಕ ಸಾಲದು. ಎಷ್ಟು ತರಬೇತಿ ಕೊಟ್ಟರೂ ಕಾಲು ಭಾರವೇ. ‘ನನ್ನ ಕೈಲಿ ಆಗಲ್ಲ’ ಎಂದು ಓಟ ಬಿಡಲು ಹೊರಟಿದ್ದ ನಮ್ಮ ಜೊತೆಗಾತಿಯೊಬ್ಬಳಿಗೆ ಬೇಕಾಗಿದ್ದದ್ದು ಕಬ್ಬಿಣದ ಮಾತ್ರೆ ಮತ್ತು ಎರಡು ತಿಂಗಳ ತಾಳ್ಮೆ. ಅವಳು ಆಮೇಲೆ ನನಗಿಂತ ಮುಂದೆ ಓಡಿದಳು. ಅವಳು ಮದುವೆಯಾದಾಗಿನಿಂದ ಮೆಟ್ಟಿಲು ಹತ್ತಿದರೆ ಸುಸ್ತು ಎನ್ನುತ್ತಲೇ ಇದ್ದಳಂತೆ. ಓಟದ ಗುಂಪು ಕೇಳುವವರೆಗೆ ಯಾರೂ ಕೇಳಿರಲಿಲ್ಲ.

ಉಳಿದ ಮೂಲಪಾಠಗಳನ್ನು ಬೇಗ ಹೇಳಿಬಿಡಬಹುದು. ಹೆಜ್ಜೆ ಚಿಕ್ಕದಾಗಿರಲಿ, ಪಾದ ದೇಹದ ನೇರ ಕೆಳಗೆ ಬೀಳಲಿ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಜ್ಯಾಕ್ ಡೇನಿಯಲ್ಸ್ ಎಂಬ ತರಬೇತುದಾರರು ಓಟಗಾರರ ಹೆಜ್ಜೆ ಎಣಿಸಿ, ದೂರ ಓಡುವವರು ನಿಮಿಷಕ್ಕೆ ಸುಮಾರು 180 ಅಥವಾ ಅದಕ್ಕೂ ಹೆಚ್ಚು ಹೆಜ್ಜೆ ಹಾಕುತ್ತಾರೆ ಎಂದು ಕಂಡುಕೊಂಡದ್ದು ಪ್ರಸಿದ್ಧ. ನಮಗೆ ಆ ಸಂಖ್ಯೆಯ ಗೀಳು ಹತ್ತದಂತೆ ಸರ್ ನೋಡಿಕೊಂಡರು. ಭುಜ ಸಡಿಲ, ಮುಷ್ಟಿ ಬಿಗಿಯಬಾರದು. ಮಂಗಳವಾರ ಹಗುರ ಓಟ, ಗುರುವಾರ ಏರಿನ ಓಟ, ಭಾನುವಾರ ದೂರದ ಓಟ. ಮೂರು ವಾರ ದೂರ ಹೆಚ್ಚಿಸಿ ನಾಲ್ಕನೆಯ ವಾರ ಇಳಿಸುವುದು. ಬೂಟು ಕಾಲಿಗೆ ಹಿತವಾಗಿದ್ದರೆ ಸಾಕು, ಬೆಲೆ ನೋಡಿ ಕೊಳ್ಳುವುದಲ್ಲ.

ಬೂಟಿನ ಮಾತು ಬಂದಾಗೆಲ್ಲ ನನ್ನ ಜೋಡಿ ಓಟಗಾರರು ಶಿವನಾಥ್ ಸಿಂಗ್ ಅವರ ಕತೆ ತೆಗೆಯುತ್ತಿದ್ದರು. ನನ್ನ ಈ ಜೋಡಿಯವರು ಟೆಲಿಫೋನ್ ಇಲಾಖೆಯಲ್ಲಿದ್ದ ಹಿರಿಯರು, ಅರವತ್ತೈದು ದಾಟಿತ್ತು, ಪಂಚೆ ಉಡುವ ಮನುಷ್ಯ ಓಟಕ್ಕಾಗಿ ಮೊದಲ ಸಲ ಚಡ್ಡಿ ಹಾಕಿದ್ದರು. ಬಿಹಾರದ ಬಕ್ಸರ್ ಕಡೆಯ ಹಳ್ಳಿಯಿಂದ ಬಂದು ಸೈನ್ಯ ಸೇರಿ, ಬರಿಗಾಲಲ್ಲೇ ಓಡಿ ಹೆಸರಾದ ಶಿವನಾಥ್ ಸಿಂಗ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ ಮ್ಯಾರಥಾನಿನಲ್ಲಿ ಹನ್ನೊಂದನೆಯವರಾಗಿ ಬಂದರು. 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದರು. ಆ ರಾಷ್ಟ್ರೀಯ ದಾಖಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಉಳಿಯಿತು. “ನೋಡಮ್ಮ, ಒಬ್ಬ ಸಿಪಾಯಿ ಇಷ್ಟು ಮಾಡಿದಾನೆ, ನಮ್ಮ ಮಕ್ಕಳಿಗೆ ಅವನ ಹೆಸರೇ ಗೊತ್ತಿಲ್ಲ” ಎಂದು ಅವರು ನಿಜವಾಗಿ ನೊಂದುಕೊಳ್ಳುತ್ತಿದ್ದರು. ನನಗೂ ಆ ನೋವು ಅಂಟಿಕೊಂಡಿದೆ. ಕ್ರಿಕೆಟ್ ಆಟಗಾರರ ರನ್ನುಗಳನ್ನು ಬಾಯಿಪಾಠ ಹೇಳುವ ಊರಿನಲ್ಲಿ ಈ ಹೆಸರನ್ನು ನಾನು ಕೇಳಿದ್ದು ನಲವತ್ತರ ಮೇಲೆ.

ಮಾತು ನಿಲ್ಲಬಾರದೆಂಬ ನಿಯಮದಿಂದ ಇಂಥ ಕತೆಗಳು ಎಷ್ಟೋ ಬಂದವು. ದೂರ 42.195 ಕಿಲೋಮೀಟರ್ ಎಂದು ಏಕಾಯಿತು, ಆ ಬಾಲ ಎಲ್ಲಿಂದ ಬಂತು ಎಂದು ಒಬ್ಬರು ಕೇಳಿದರೆ ಮತ್ತೊಬ್ಬರು 1908ರ ಲಂಡನ್ ಒಲಿಂಪಿಕ್ಸ್ ಕಡೆ ಹೋಗುತ್ತಿದ್ದರು: ವಿಂಡ್ಸರ್ ಅರಮನೆಯ ಎದುರು ಶುರುವಾಗಿ ಕ್ರೀಡಾಂಗಣದಲ್ಲಿ ರಾಜಮನೆತನದವರ ಆಸನದ ಮುಂದೆ ಮುಗಿದ ಆ ಓಟದ ಅಳತೆಯನ್ನೇ 1921ರಲ್ಲಿ ಕಾಯಂ ಮಾಡಿದರು. ಕಾಲೇಜಿನ ಹುಡುಗಿಯೊಬ್ಬಳು ಕ್ಯಾಥರಿನ್ ಸ್ವಿಟ್ಜರ್ ಬಗ್ಗೆ ಹೇಳಿದಳು. 1967ರಲ್ಲಿ ಬಾಸ್ಟನ್ ಮ್ಯಾರಥಾನಿನಲ್ಲಿ 261ನೇ ನಂಬರ್ ಕಟ್ಟಿಕೊಂಡು ಓಡುತ್ತಿದ್ದ ಆಕೆಯನ್ನು ಅಧಿಕಾರಿಯೊಬ್ಬರು ನಡುದಾರಿಯಲ್ಲಿ ಹಿಡಿದು ಎಳೆಯಲು ಹೋದರು. ಆಕೆ ಬಿಡಿಸಿಕೊಂಡು ಓಟ ಮುಗಿಸಿದರು. ಬಾಸ್ಟನ್ ಹೆಂಗಸರಿಗೆ ಅಧಿಕೃತವಾಗಿ ಬಾಗಿಲು ತೆರೆದದ್ದು 1972ರಲ್ಲಿ, ಒಲಿಂಪಿಕ್ಸ್ 1984ರಲ್ಲಿ. ನಾನು ಹುಟ್ಟಿದ ಮೇಲಿನ ಮಾತು ಇದು! ನಮ್ಮ ಅಮ್ಮಂದಿರು ಏಕೆ ಓಡಲಿಲ್ಲ ಎಂದು ಕೇಳುವ ಮುಂಚೆ ಜಗತ್ತು ಅವರಿಗೆ ಆ ದಾರಿಯನ್ನೇ ಬಿಟ್ಟಿರಲಿಲ್ಲ ಎಂಬುದನ್ನು ನೆನೆಯಬೇಕು.

ಹೇಮಂತದ ಹೊತ್ತಿಗೆ ಭಾನುವಾರದ ಓಟ ಪಾರ್ಕಿನ ಬೇಲಿ ದಾಟಿತು. ಅಠಾರಾ ಕಚೇರಿಯ ಕೆಂಪು ಗೋಡೆ, ಎದುರಿಗೆ ವಿಧಾನಸೌಧ, ಹೈಗ್ರೌಂಡ್ಸ್, ಅರಮನೆ ರಸ್ತೆ, ಸದಾಶಿವನಗರ, ಸ್ಯಾಂಕಿ ಕೆರೆ, ಮಲ್ಲೇಶ್ವರ, ಮತ್ತೆ ವಾಪಸು. 1870ರಲ್ಲಿ ಈ ಪಾರ್ಕನ್ನು ಯೋಜಿಸಿದ ರಿಚರ್ಡ್ ಸ್ಯಾಂಕಿಯವರೇ 1882ರಲ್ಲಿ ಆ ಕೆರೆಯನ್ನೂ ಕಟ್ಟಿಸಿದ್ದು. ಅವರ ಒಂದು ಕೆಲಸದಿಂದ ಇನ್ನೊಂದಕ್ಕೆ ಕಾಲಲ್ಲೇ ಹೋಗಿಬರುವಷ್ಟು ಶಕ್ತಿ ಬಂದಿದೆಯಲ್ಲ ಎಂದು ನನಗೆ ಹಿಗ್ಗು. ಮಲ್ಲೇಶ್ವರದಲ್ಲಿ ಹೂವಿನವರು ಆಗಷ್ಟೇ ಮೂಟೆ ಬಿಚ್ಚುತ್ತಿದ್ದರು, ಪೇಪರ್ ಹುಡುಗರು ಕಟ್ಟೆಯ ಮೇಲೆ ಪುರವಣಿ ಜೋಡಿಸುತ್ತಿದ್ದರು. ಸ್ಕೂಟರಿನಲ್ಲಿ ನೀರಿನ ಕ್ಯಾನು, ಏಲಕ್ಕಿ ಬಾಳೆ, ಖರ್ಜೂರ, ಕಡಲೆಬೀಜದ ಚಿಕ್ಕಿ, ಒಂದು ಡಬ್ಬಿ ಉಪ್ಪು ಇಟ್ಟುಕೊಂಡು ಗುಂಪಿನ ಒಬ್ಬರು ಅಲ್ಲಲ್ಲಿ ಕಾಯುತ್ತಿದ್ದರು.

ತಿನ್ನುವುದನ್ನೂ ಕಲಿಯಬೇಕು ಎಂದು ಆಗ ಗೊತ್ತಾಯಿತು. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 2,000 ಕ್ಯಾಲೊರಿಗಾಗುವಷ್ಟು. ಒಂದು ಕಿಲೋಮೀಟರ್ ಓಡಲು ದೇಹದ ಪ್ರತಿ ಕಿಲೋ ತೂಕಕ್ಕೆ ಹೆಚ್ಚುಕಡಿಮೆ ಒಂದು ಕ್ಯಾಲೊರಿ ಬೇಕು. ಅರವತ್ತು ಕಿಲೋ ತೂಗುವವರಿಗೆ ಮ್ಯಾರಥಾನ್ ಮುಗಿಸಲು 2,500 ಕ್ಯಾಲೊರಿ. ಬ್ಯಾಂಕಿನವಳಿಗೆ ಈ ಲೆಕ್ಕ ಬೇಗ ಹತ್ತಿತು. ಖಾತೆಯಲ್ಲಿ ಇರುವುದಕ್ಕಿಂತ ಖರ್ಚು ಹೆಚ್ಚು, ಮೂವತ್ತನೇ ಕಿಲೋಮೀಟರಿನ ಆಸುಪಾಸಿನಲ್ಲಿ ಬರಿದು. ಓಟಗಾರರು ‘ಗೋಡೆಗೆ ಗುದ್ದುವುದು’ ಎನ್ನುವುದು ಅದನ್ನೇ. ನಿಧಾನವಾಗಿ ಓಡಿದರೆ ದೇಹ ಕೊಬ್ಬನ್ನು ಹೆಚ್ಚು ಉರಿಸಿ ಸಕ್ಕರೆಯನ್ನು ಉಳಿಸುತ್ತದೆ. ನಡುನಡುವೆ ಬಾಳೆಹಣ್ಣು, ಖರ್ಜೂರ ಹೋದರೆ ಜಮೆಯೂ ಆಗುತ್ತದೆ. ಮೊದಲ ದಿನ ಹೇಳಿದ ‘ಮಾತಾಡ್ಕೋತ ಓಡ್ರಿ’ ಎಂಬುದರ ಒಳಗುಟ್ಟು ಇಷ್ಟು ತಿಂಗಳ ಮೇಲೆ ಬಿಚ್ಚಿಕೊಂಡಿತು.

ನೀರಿನ ವಿಷಯದಲ್ಲಿ ಸರ್ ಇನ್ನೂ ಎಚ್ಚರ. ಬಾಯಾರಿದಾಗ ಕುಡಿಯಿರಿ, ಬಾಯಾರದೆ ಕುಡಿಯಬೇಡಿ. 2002ರ ಬಾಸ್ಟನ್ ಮ್ಯಾರಥಾನ್ ಓಡಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ ಸಹಜ ಮಟ್ಟಕ್ಕಿಂತ ಕೆಳಗೆ ಇಳಿದಿತ್ತು. ಅತಿಯಾಗಿ ನೀರು ಕುಡಿದದ್ದು, ಬಹಳ ಹೊತ್ತು ಓಡಿದ್ದು ಅದರ ಕಾರಣಗಳಲ್ಲಿ ಸೇರಿದ್ದವು. ನಮ್ಮಂಥ ನಿಧಾನಸ್ಥರಿಗೇ ಈ ಅಪಾಯ ಹೆಚ್ಚು. ದೂರದ ವಿಷಯದಲ್ಲೂ ಸರ್‌ಗೆ ಅದೇ ಎಚ್ಚರ: ಮೂವತ್ತು ಕಿಲೋಮೀಟರ್ ದಾಟಿ ಅಭ್ಯಾಸದಲ್ಲಿ ಯಾರನ್ನೂ ಓಡಿಸಲಿಲ್ಲ. ಕೊನೆಯ ಮೂರು ವಾರ ದೂರ ತಗ್ಗಿಸಿ, ನಿದ್ದೆ ಹೆಚ್ಚಿಸಿ, ಮೈಯನ್ನು ತನ್ನ ಪಾಡಿಗೆ ಬಿಡಲು ಹೇಳಿದರು. ಕಾಲು ತುರಿಸುವ ಕಾಲ ಅದು. “ಇವತ್ತ ಬಿಟ್ರ ನಾಳೆ ಓಡಬಹುದ್ರಿ. ಇವತ್ತ ಹಟಾ ಮಾಡಿದ್ರ ಮೂರು ತಿಂಗಳ ಕೂಡಬೇಕಾಗ್ತದ” ಎಂಬ ಅವರ ಮಾತು ಫೋನಿನಲ್ಲೂ ಬರುತ್ತಿತ್ತು.

ನಾವು ಓಡಿದ್ದು ಜನವರಿಯ ಮುಂಬೈ ಮ್ಯಾರಥಾನ್. 2004ರಲ್ಲಿ ಶುರುವಾದ ಈ ಓಟ ಭಾರತದಲ್ಲಿ ಸಾಮಾನ್ಯ ಜನರನ್ನು ರಸ್ತೆಗಿಳಿಸಿದ್ದರಲ್ಲಿ ಮೊದಲ ಸಾಲಿನದು. ಸಮುದ್ರಮಟ್ಟಕ್ಕಿಂತ ಸುಮಾರು ಒಂಬೈನೂರು ಮೀಟರ್ ಎತ್ತರದ, ತಂಪು ಬೆಳಗಿನ ಬೆಂಗಳೂರಿನಲ್ಲಿ ಪಳಗಿದ ಮೈಗೆ ಅಲ್ಲಿನ ಜಿಗುಟು ಸೆಕೆ ಹೊಸದು. ಸಿಎಸ್‌ಟಿ ನಿಲ್ದಾಣದ ದೀಪಗಳ ಕೆಳಗಿಂದ ಕತ್ತಲಲ್ಲಿ ಹೊರಟು ಮರೀನ್ ಡ್ರೈವ್ ಮುಗಿಯುವಷ್ಟರಲ್ಲೇ ಬನಿಯನ್ ಒದ್ದೆ. ಬಾಂದ್ರಾ-ವರ್ಲಿ ಸೇತುವೆಯ ಮೇಲೆ ಬೆಳಕು ಹರಿದಿತ್ತು. ಕಾಲ್ನಡಿಗೆಗೆ ಎಂದೂ ಬಿಡದ 5.6 ಕಿಲೋಮೀಟರ್ ಸೇತುವೆ ಅವತ್ತೊಂದು ಬೆಳಿಗ್ಗೆ ಕಾಲಿಗೆ ಸಿಗುತ್ತದೆ. ಸಾತಾರಾದ ಶಿಕ್ಷಕಿಯೊಬ್ಬರು ನನ್ನ ವೇಗಕ್ಕೆ ಸಿಕ್ಕರು. ಅವರ ಮರಾಠಿ ಹಿಂದಿ, ನನ್ನ ಕನ್ನಡ ಹಿಂದಿ. ಅವರ ಮಕ್ಕಳು, ನನ್ನ ಅತ್ತೆ, ಬೆಲ್ಲದ ಬೆಲೆ, ಎಲ್ಲವೂ ಆಯಿತು. ಶಿವಾಜಿ ಪಾರ್ಕಿನ ಹತ್ತಿರ ನನ್ನ ಅಂಗಿಯ ಮೇಲಿನ ಕನ್ನಡ ಅಕ್ಷರ ಓದಿದ ಅಜ್ಜ ಒಬ್ಬರು ಗೇಟಿನಿಂದ ಹೊರಬಂದು, “ಬನ್ನಿ ತಾಯಿ, ಬನ್ನಿ, ಇನ್ನೇನು ಬಂತು” ಎಂದು ಕೂಗಿ ಕಿತ್ತಳೆ ತೊಳೆ ಕೈಗಿಟ್ಟರು.

ದಾರಿಯ ಕೊನೆಯ ಭಾಗದಲ್ಲಿ ಪೆಡ್ಡರ್ ರಸ್ತೆಯ ಏರು ಬರುತ್ತದೆ, ಮೂವತ್ತೈದು ಕಿಲೋಮೀಟರ್ ಕಾಲಡಿ ಸರಿದ ಮೇಲೆ. ಬಿಸಿಲು ನೆತ್ತಿಗೆ ಬಂದಿತ್ತು. ಅಲ್ಲಿ ನಮ್ಮಿಬ್ಬರ ಮಾತೂ ನಿಂತಿತು. ಮಾತು ನಿಂತರೆ ಏನು ಮಾಡಬೇಕೆಂದು ಕಲಿತಿದ್ದೆವಲ್ಲ: ನಡೆದೆವು. ಎರಡೂ ಬದಿಯ ಮನೆಗಳವರು ಬಿಸ್ಕತ್ತು, ಬಾಳೆಹಣ್ಣು, ನಿಂಬೆ ಪಾನಕ ಹಿಡಿದು ನಿಂತಿದ್ದರು. ಏರು ಮುಗಿದ ಮೇಲೆ ಆ ಶಿಕ್ಷಕಿ, “ಹಾಂ, ಅಬ್ ಬೋಲೋ” ಎಂದರು. ಮತ್ತೆ ಓಡಿದೆವು. ಐದೂವರೆ ಗಂಟೆ ದಾಟಿ ಮುಗಿಸಿದಾಗ ನನ್ನ ಟೆಲಿಫೋನ್ ಇಲಾಖೆಯ ಹಿರಿಯರು ಇನ್ನೂ ಹಿಂದಿದ್ದರು. ನಮ್ಮ ಗುಂಪಿನಲ್ಲಿ ಕೊನೆಯವರು ಬರುವವರೆಗೆ ಯಾರೂ ಹೊರಡುವಂತಿಲ್ಲ. ಅವರು ಬಂದರು, ಮುಖದ ತುಂಬ ಉಪ್ಪಿನ ಗೆರೆ, ಪಕ್ಕದಲ್ಲಿ ಸರ್. ಬೆಳಗಿನಿಂದ ಅವರ ಜೊತೆಗೇ ಓಡಿದ್ದರಂತೆ. ಅರ್ಧ ಹೊತ್ತಿಗೆ ಮುಗಿಸಬಲ್ಲ ಮನುಷ್ಯ, ಮೂರು ಗಂಟೆ ಹೆಚ್ಚು ಬಿಸಿಲು ಉಂಡಿದ್ದರು. ತರಬೇತಿ ಎಂದರೆ ಏನೆಂದು ನಾನು ತಿಳಿದದ್ದು ಆ ಹೊತ್ತಿನಲ್ಲಿ.

ಈಗ ನಾನು ಅದೇ ಗುಂಪಿನಲ್ಲಿ ಕೊನೆಯವರ ಜೊತೆ ಓಡುತ್ತೇನೆ. ಬೆಂಗಳೂರಿನಲ್ಲಿ ಇಂಥ ಗುಂಪುಗಳು ಹಲವಿವೆ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡದಿರುವುದರಿಂದ ಇಲ್ಲಿ ಹೊಸಬರಿಗೆ ಭಯವಿಲ್ಲದ ದಾರಿಯೂ ಇದೆ. ಜಿಲ್ಲೆ, ತಾಲ್ಲೂಕು ಕೇಂದ್ರಗಳಿಂದ ವರ್ಗವಾಗಿ ಬರುವ ನನ್ನ ಸಹೋದ್ಯೋಗಿ ಹೆಣ್ಣುಮಕ್ಕಳು ಹೇಳುವುದು ಬೇರೆ: ಕ್ರೀಡಾಂಗಣಕ್ಕೆ ಬೀಗ, ರಸ್ತೆಯಲ್ಲಿ ನಾಯಿ ಮತ್ತು ಲಾರಿ, ಓಡಿದರೆ ತಿರುಗಿ ನೋಡುವ ಕಣ್ಣು. ಮ್ಯಾರಥಾನ್ ಕಲಿಸಲು ದೊಡ್ಡ ಯೋಜನೆ ಬೇಡ. ಊರಿನ ಮೈದಾನದ ಗೇಟನ್ನು ಬೆಳಿಗ್ಗೆ ಐದಕ್ಕೆ ತೆಗೆಯಬೇಕು, ಎರಡು ದೀಪ ಉರಿಯಬೇಕು, ಹೆಂಗಸರ ಶೌಚಾಲಯದ ಬಾಗಿಲು ತೆರೆದಿರಬೇಕು. ನಗರಸಭೆಗಳು, ಕ್ರೀಡಾ ಇಲಾಖೆ ಇಷ್ಟು ಮಾಡಲಿ. ಉಳಿದದ್ದನ್ನು ಈಗಾಗಲೇ ಓಡಿದವರು ಮಾಡಬಹುದು. ನಿಮ್ಮ ಊರಿನಲ್ಲಿ ನೀವು ಓಡುವವರಾಗಿದ್ದರೆ, ಬರುವ ಭಾನುವಾರ ಹೊಸಬರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರ ವೇಗದಲ್ಲಿ ಓಡಿ.